ಲೆವೊಡೋಪಾ ತರುವ ಹೊಯ್ದಾಟಕ್ಕೆ: ಚಿಕ್ಕ ಡೋಸೋ, ಅಮಂಟಡೀನೋ?

ಪಾರ್ಕಿನ್ಸನ್ಸ್‌ನ ನಡುಕ ಬೇರೆ, ಅದರ ಮುಖ್ಯ ಮದ್ದಾದ ಲೆವೊಡೋಪಾ ತರುವ ಹೊಯ್ದಾಟ, ಅಂದರೆ ಡಿಸ್ಕಿನೇಷಿಯಾ, ಬೇರೆ. ಮದ್ದಿನ ಬಲ ಇಳಿದಾಗ ನಡುಕ ಹೆಚ್ಚುತ್ತದೆ. ತಲೆ ತೂಗುವುದು, ಭುಜ ತಿರುಚುವುದು, ಕಾಲು ಸುಮ್ಮನಿರದೆ ಹೊರಳುವುದು ಮದ್ದು ಕೆಲಸ ಮಾಡುತ್ತಿರುವಾಗಲೇ. ನೋಡುವವರಿಗೆ ಎರಡೂ ಒಂದೇ. “ಪಾಪ, ಮಾತ್ರೆ ತಗೊಂಡಿಲ್ವಾ?” ಎಂದು ಕೇಳುತ್ತಾರೆ. ತಗೊಂಡಿದ್ದಕ್ಕೇ ಸ್ವಾಮಿ ಇದು!

ನನ್ನದು ಮದ್ದಿನ ಮಟ್ಟ ರಕ್ತದಲ್ಲಿ ತುದಿಗೇರಿದಾಗ ಬರುವ ಬಗೆ. ಕೆಲವರಿಗೆ ಮಟ್ಟ ಏರುವಾಗೊಮ್ಮೆ, ಇಳಿಯುವಾಗೊಮ್ಮೆ ಬರುತ್ತದೆ. ಅಂಥವರಿಗೆ ಡೋಸು ಚಿಕ್ಕದು ಮಾಡಿದರೆ ಕಾಟ ಹೆಚ್ಚಲೂಬಹುದು. ಹಾಗಾಗಿ ಮುಂದಿನದನ್ನು ಅವರು ಹಾಗೇ ತಮಗೆ ಅನ್ವಯಿಸಿಕೊಳ್ಳಬಾರದು.

ನ್ಯೂರಾಲಜಿಸ್ಟ್ ಮೊದಲು ಹೇಳಿದ್ದು ದಿನದ ಒಟ್ಟು ಲೆವೊಡೋಪಾವನ್ನು ಚಿಕ್ಕ ಚಿಕ್ಕ ಡೋಸುಗಳಾಗಿ ಹಂಚಿ ತೆಗೆದುಕೊಳ್ಳಲು. ಲೆವೊಡೋಪಾ ಮೆದುಳು ಮುಟ್ಟುವ ಮೊದಲೇ ಒಡೆಯದಂತೆ ತಡೆಯುವ ಕಾರ್ಬಿಡೋಪಾ ಜೊತೆಗಿದ್ದರೂ ಸುಮಾರು ಒಂದೂವರೆ ಗಂಟೆಯಲ್ಲಿ ರಕ್ತದಲ್ಲಿನ ಲೆವೊಡೋಪಾ ಅರ್ಧಕ್ಕಿಳಿಯುತ್ತದೆ. ಒಂದೇ ಸಲ ದೊಡ್ಡ ಡೋಸು ನುಂಗಿದರೆ ಏರೂ ಕಡಿದು, ಇಳಿತವೂ ಕಡಿದು. ಹಂಚಿದಾಗ ಹೊಯ್ದಾಟ ನಿಜಕ್ಕೂ ತಗ್ಗಿತು. ಆದರೆ ಕೆಲವು ಡೋಸುಗಳು ‘ಆನ್’ ಆಗುವಷ್ಟು, ಅಂದರೆ ಮದ್ದು ಹಿಡಿದು ಮೈ ಸಲೀಸಾಗಿ ಆಡುವಷ್ಟು, ಮಟ್ಟವನ್ನೇ ಮುಟ್ಟಲಿಲ್ಲ. ಬೇಳೆ, ಮೊಟ್ಟೆ, ಹಾಲಿನಂಥ ಪ್ರೋಟೀನ್ ಹೆಚ್ಚಿರುವ ಊಟದ ನಂತರವಂತೂ ಮಾತ್ರೆ ನುಂಗಿದ್ದೇ ಗೊತ್ತಾಗುತ್ತಿರಲಿಲ್ಲ. ಕರುಳಿನಿಂದ ರಕ್ತಕ್ಕೂ ರಕ್ತದಿಂದ ಮೆದುಳಿಗೂ ದಾಟಲು ಪ್ರೋಟೀನ್ ಒಡೆದು ಬರುವ ಅಮೈನೋ ಆಮ್ಲಗಳ ಜೊತೆ ಲೆವೊಡೋಪಾ ಪೈಪೋಟಿ ಮಾಡಬೇಕು. ಕೊನೆಗೆ ಊಟ, ನಿದ್ದೆ, ಮಾತು ಎಲ್ಲವೂ ಅಲಾರಂ ಹೇಳಿದಂತೆ.

ನಿಧಾನವಾಗಿ ಕರಗುವ ಮಾತ್ರೆಯನ್ನೂ ನೋಡಿದೆ. ಯಾವಾಗ ಹಿಡಿಯುತ್ತದೋ ತಿಳಿಯದು. ಸಂಜೆಗೆ ಡೋಸುಗಳ ಪರಿಣಾಮ ಒಂದರ ಮೇಲೊಂದು ಕೂಡಿ ಹೊಯ್ದಾಟ ಇನ್ನೂ ಉದ್ದ. ಬಿಟ್ಟೆ.

ಅಮಂಟಡೀನ್ ಹುಟ್ಟಿದ್ದು ಫ್ಲೂ ಔಷಧಿಯಾಗಿ. ಫ್ಲೂ ಬಾರದಿರಲೆಂದು ಅದನ್ನು ತೆಗೆದುಕೊಂಡ ಪಾರ್ಕಿನ್ಸನ್ಸ್ ರೋಗಿಯೊಬ್ಬರಿಗೆ ಮೈ ಹಗುರವಾಯಿತು. 1969ರಲ್ಲಿ ಆ ಸುದ್ದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇದು ಮೆದುಳಿನಲ್ಲಿ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕದ ಗ್ರಾಹಕಗಳನ್ನು ತಡೆದು ಹೊಯ್ದಾಟ ತಗ್ಗಿಸುತ್ತದೆ, ಹಾಗಾಗಿ ಲೆವೊಡೋಪಾಕ್ಕೆ ಕತ್ತರಿ ಹಾಕಬೇಕಿಲ್ಲ. ನನ್ನ ಮಟ್ಟಿಗೆ ಇದೇ ನಿರ್ಣಾಯಕ. ನಡೆಯುವ ಶಕ್ತಿ ಉಳಿಯಿತು, ತಟ್ಟೆ ಹಿಡಿದ ಕೈ ನಿಂತಿತು.

ಬೆಲೆ ತೆರದೆ ಅಲ್ಲ. ಬಾಯಿ ಒಣಗಿತು, ಮೊದಲೇ ಇದ್ದ ಮಲಬದ್ಧತೆ ಬಿಗಿಯಾಯಿತು, ಪಾದ ಊದಿತು, ತೊಡೆಯ ಚರ್ಮದ ಮೇಲೆ ಮೀನುಬಲೆ ಹಾಸಿದಂತೆ ನೇರಳೆ ಗೆರೆಗಳು ಮೂಡಿದವು. ಸಂಜೆಯ ಡೋಸು ನಿದ್ದೆ ಕೆಡಿಸಿದ್ದರಿಂದ ವೈದ್ಯರು ಅದನ್ನು ಮಧ್ಯಾಹ್ನಕ್ಕೆ ತಂದರು. ಇಲ್ಲದ್ದು ಕಾಣಿಸುವ ಭ್ರಮೆ ಇರುವವರಿಗೆ, ನೆನಪು ಕುಂದಿರುವವರಿಗೆ ಇದು ಅಪಾಯ. ಮೂತ್ರಪಿಂಡ ಸೋತವರಿಗೆ ಪ್ರಮಾಣ ಇಳಿಸಲೇಬೇಕು. ಥಟ್ಟನೆ ನಿಲ್ಲಿಸಿದರೆ ಗೊಂದಲ, ಜ್ವರ ಬರಬಹುದು, ಮೈಬಿಗಿತವೂ ವಿಪರೀತವಾಗಬಹುದು. ಬಿಡುವುದಿದ್ದರೂ ವೈದ್ಯರು ಹೇಳಿದಂತೆ, ಹಂತಹಂತವಾಗಿ.

ಮೆದುಳಿಗೆ ವಿದ್ಯುತ್ ಕಡ್ಡಿ ಇಡುವ ಡಿಬಿಎಸ್ ಶಸ್ತ್ರಚಿಕಿತ್ಸೆ ಈ ಹೊಯ್ದಾಟಕ್ಕೆ ಬಲವಾದ ದಾರಿಯೇ, ಆದರೆ ನಾನು ಆ ಬಾಗಿಲು ತಟ್ಟಿಲ್ಲ.

ಸದ್ಯಕ್ಕೆ ಅಮಂಟಡೀನ್ ಇಟ್ಟುಕೊಂಡಿದ್ದೇನೆ, ಲೆವೊಡೋಪಾ ಡೋಸು ಅತಿ ಚಿಕ್ಕದಾಗದಂತೆ ಹಂಚಿದ್ದೇನೆ. ಕುರ್ಚಿಯಲ್ಲಿ ಕಲ್ಲಾಗಿ ಕೂರುವುದಕ್ಕಿಂತ ಒಂದಿಷ್ಟು ತೂಗಾಡುತ್ತ ಓಡಾಡುವುದೇ ನನಗೆ ವಾಸಿ. ಮನೆಯವರ ಆಯ್ಕೆ ಇದಕ್ಕೆ ತಿರುಗುಮುರುಗು. ಅದಕ್ಕೇ ವೈದ್ಯರು ಕೇಳಿದ್ದು: “ತೊಂದರೆ ನಿಮಗೋ, ನೋಡುವವರಿಗೋ?” ಆಮೇಲೆ ಮಾತ್ರೆಯ ಸಮಯ ಹೇಳುತ್ತ ಮೊಬೈಲಿನಲ್ಲಿ ಚಿತ್ರೀಕರಿಸಿದ ತುಣುಕುಗಳನ್ನು ಅವರಿಗೆ ತೋರಿಸಿದೆ. ಡೋಸು ಬದಲಾದದ್ದು ಅವುಗಳನ್ನು ನೋಡಿದ ಮೇಲೆಯೇ.