ಪಿಡಿಐ ಆಕ್ಟಿವಿಟಿ ಕಿಟ್: ಪಾಠಕ್ಕೆ ಸೂಪರ್, ಮಾಡಿಫೈ ಆದ ಎಂಜೈಮ್ ಅಳೆಯೋಕೆ ಇದೊಂದನ್ನೇ ನಂಬಬೇಡಿ

ನಮ್ಮ ಕಾಲೇಜಿನ ಎಂಎಸ್ಸಿ ಬಯೋಕೆಮಿಸ್ಟ್ರಿ ಲ್ಯಾಬಿಗೆ ಈ ಕಿಟ್ ತರಿಸಿದ್ವಿ, ಬೆಂಗಳೂರಿನ ಬೇರೆ ಕಾಲೇಜಿನ ಮೇಷ್ಟ್ರುಗಳೂ ಹೇಗಿದೆ ಅಂತ ಕೇಳ್ತಾನೇ ಇದ್ದಾರೆ, ಅದಕ್ಕೆ ಇಲ್ಲೇ ವಿವರವಾಗಿ ಬರೀತಿದ್ದೀನಿ. ಪಿಡಿಐ ಅಂದ್ರೆ ಪ್ರೋಟೀನ್ ಡೈಸಲ್ಫೈಡ್ ಐಸೋಮರೇಸ್. ಜೀವಕೋಶದ ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಪ್ರೋಟೀನ್ ತಯಾರಾಗೋ ಜಾಗ) ಒಳಗೆ ಹೊಸ ಪ್ರೋಟೀನ್ ಮಡಚಿಕೊಳ್ಳೋವಾಗ ಗಂಧಕದ (ಡೈಸಲ್ಫೈಡ್) ಕೊಂಡಿಗಳು ತಪ್ಪು ಜೋಡಿ ಆಗಿದ್ರೆ ಬಿಚ್ಚಿ ಸರಿಯಾದ ಜೋಡಿಗೆ ಹಾಕೋ ಎಂಜೈಮು, 1963ರಲ್ಲೇ ಆನ್ಫಿನ್ಸನ್ ಗುಂಪು ಇದರ ಬಗ್ಗೆ ಬರೆದಿತ್ತು.

ಕಿಟ್‌ನಲ್ಲಿ ಇನ್ಸುಲಿನ್, ಡಿಟಿಟಿ (ಡೈಸಲ್ಫೈಡ್ ಕೊಂಡಿ ಮುರಿಯೋ ರಾಸಾಯನಿಕ), ಬಫರ್, ಪಿಡಿಐ ಇರುತ್ತೆ. ಇನ್ಸುಲಿನ್‌ನ 21 ಅಮೈನೋ ಆಸಿಡ್‌ನ ಎ ಸರಪಳಿ, 30ರ ಬಿ ಸರಪಳಿ ಎರಡನ್ನೂ ಹಿಡಿದಿಟ್ಟಿರೋದು 2 ಡೈಸಲ್ಫೈಡ್ ಕೊಂಡಿ, ಡಿಟಿಟಿ ನೆರವಿಂದ ಪಿಡಿಐ ಅದನ್ನ ಮುರಿದ ಮೇಲೆ ಬಿ ಸರಪಳಿಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗ್ತವೆ. ತಿಳಿಯಾಗಿದ್ದ ಕ್ಯುವೆಟ್ (ರೀಡಿಂಗ್ ತಗೊಳ್ಳೋ ಪುಟ್ಟ ಪಾರದರ್ಶಕ ಪಾತ್ರೆ) ಮೊದಲು ಏನೂ ಆಗಲ್ಲ, ಆಮೇಲೆ ಅಂಚಲ್ಲಿ ಸ್ವಲ್ಪ ಮಂಜು ಮಂಜಾಗಿ ನೋಡ್ತಾ ನೋಡ್ತಾ ಅಕ್ಕಿ ತೊಳೆದ ನೀರಿನ ಥರ ಆಗುತ್ತೆ, 650 ನ್ಯಾನೋಮೀಟರ್‌ನಲ್ಲಿ ರೀಡಿಂಗ್ ಏರ್ತಾ ಹೋಗುತ್ತೆ. ಎಂಜೈಮ್ ಇಲ್ಲದೇ ಬರೀ ಡಿಟಿಟಿ ಹಾಕಿದ ಕ್ಯುವೆಟ್ಟೂ ಮಸುಕಾಗುತ್ತೆ, ಆದ್ರೆ ತುಂಬಾ ನಿಧಾನ, ಹಾಗಾಗಿ ಹೋಲಿಸೋಕೆ ಈ ಎಂಜೈಮ್ ಇಲ್ಲದ ಬ್ಲ್ಯಾಂಕ್ ಇಡೋದನ್ನ ಮರೀಲೇಬೇಡಿ. ಎಂಜೈಮ್ ಕೆಲಸ ಮಾಡೋದನ್ನ ಹುಡುಗರು ಕಣ್ಣಾರೆ ನೋಡೋಕೆ ಇದಕ್ಕಿಂತ ಚೆನ್ನಾಗಿರೋ ಪ್ರಾಕ್ಟಿಕಲ್ ನಂಗಂತೂ ಗೊತ್ತಿಲ್ಲ.

ನನ್ನ ತಕರಾರು ಮ್ಯಾನ್ಯುಯಲ್ ಬಗ್ಗೆ. ಕೆಮಿಕಲ್ ಮಾಡಿಫಿಕೇಶನ್ ಸ್ಟಡಿಗೂ (ಎಂಜೈಮ್‌ಗೆ ಬೇರೆ ರಾಸಾಯನಿಕ ಗುಂಪು ಸೇರಿದಾಗ ಏನಾಗುತ್ತೆ ಅಂತ ನೋಡೋಕೂ) ಸೂಕ್ತ ಅಂತ ಒಂದೇ ಸಾಲಲ್ಲಿ ಬರೆದು ಮುಗಿಸಿದ್ದಾರೆ, ಅದು ಅಷ್ಟು ಸುಲಭ ಅಲ್ಲ. ನೈಟ್ರಿಕ್ ಆಕ್ಸೈಡ್ (ಎನ್‌ಓ) ವಿಷಯಾನೇ ತಗೊಳ್ಳಿ. ಪಿಡಿಐನಲ್ಲಿರೋ, ಗಂಧಕ ಇರೋ ಅಮೈನೋ ಆಸಿಡ್ ಸಿಸ್ಟೀನ್‌ಗೆ ಎನ್‌ಓ ಅಂಟಿದ್ರೆ, ಅಂದ್ರೆ ಎಸ್-ನೈಟ್ರೋಸೈಲೇಶನ್ ಆದ್ರೆ, ಎಂಜೈಮ್ ಕೆಲಸ ಕುಂಠಿತ ಆಗುತ್ತೆ, ಪಾರ್ಕಿನ್ಸನ್ ಮತ್ತು ಆಲ್ಝೈಮರ್ ರೋಗಿಗಳ ಮಿದುಳಲ್ಲಿ ಇಂಥ ಪಿಡಿಐ ಸಿಕ್ಕಿದೆ ಅಂತ 2006ರಲ್ಲಿ ನೇಚರ್ ಪತ್ರಿಕೇಲಿ ಬಂತು. ಇದನ್ನ ತೋರಿಸೋಣ ಅಂತ ಜಿಎಸ್‌ಎನ್‌ಓ (ಎನ್‌ಓ ಕೊಡೋ ರಾಸಾಯನಿಕ) ಹಾಕಿದ ಪಿಡಿಐನ ಈ ಕಿಟ್‌ಗೆ ಸುರಿದ್ರೆ, ಒಳಗಿರೋ ಡಿಟಿಟಿನೇ ಆ ಎನ್‌ಓನ ಕಿತ್ತು ಹಾಕುತ್ತೆ! ಅಳೆಯೋಕೆ ಹೊರಟಿದ್ದ ಬದಲಾವಣೆನೇ ಅಳೆಯೋ ಹೊತ್ತಿಗೆ ಇರಲ್ಲ. ಈ ಎಚ್ಚರಿಕೆ ಮ್ಯಾನ್ಯುಯಲ್‌ನಲ್ಲಿ ಎಲ್ಲೂ ಇಲ್ಲ, ಇದು ದೊಡ್ಡ ಲೋಪ.

ಇನ್ನೊಂದು ಮಾಡಿಫಿಕೇಶನ್ ಅಂದ್ರೆ ಫಾಸ್ಫೇಟ್ ಸೇರೋದು. ಅದು ಡಿಟಿಟಿಗೆ ಬಗ್ಗಲ್ಲ, ಅಲ್ಲಿ ತೊಂದರೆ ಬೇರೆ. ಇಆರ್ ಮೇಲೆ ಒತ್ತಡ ಬಿದ್ದಾಗ ಫ್ಯಾಮ್20ಸಿ ಅನ್ನೋ ಕೈನೇಸ್ ಪಿಡಿಐನ 357ನೇ ಸೆರೀನ್‌ಗೆ ಫಾಸ್ಫೇಟ್ ಸೇರಿಸುತ್ತೆ ಅಂತ 2020ರಲ್ಲಿ ಗೊತ್ತಾಯ್ತು. ಆಗ ಎಂಜೈಮ್ ಬಾಯಿ ತೆರೆದುಕೊಂಡು ಕೊಂಡಿ ಕಟ್ಟೋ ಕೆಲಸದಿಂದ ಸರಿದು, ಅರೆಬರೆ ಮಡಚಿದ ಪ್ರೋಟೀನ್‌ಗಳು ಅಂಟಿಕೊಳ್ಳದ ಹಾಗೆ ಹಿಡಿದಿಟ್ಟುಕೊಳ್ಳೋ ಕೆಲಸಕ್ಕೆ ನಿಲ್ಲುತ್ತೆ. ಒಂದು ಫಾಸ್ಫೇಟ್‌ಗೆ ಕೆಲಸನೇ ಬದಲಾಗೋದು ನಿಜಕ್ಕೂ ಅದ್ಭುತ, ಕ್ಲಾಸಲ್ಲಿ ಹೇಳೋವಾಗ್ಲೆಲ್ಲ ನಂಗೆ ಖುಷಿ ಆಗುತ್ತೆ. ಆದ್ರೆ ಈ ಕಿಟ್ ಅಳೆಯೋದೇ ಅಂಟಿಕೊಂಡಿದ್ದು ಎಷ್ಟು ಅಂತ ತಾನೇ? ಮಸುಕು ಕಮ್ಮಿ ಆಯ್ತು ಅಂದ್ರೆ ಪಿಡಿಐ ಕೊಂಡಿ ಮುರೀತಿಲ್ಲ ಅಂತಾನೋ, ಮುರಿದ ಬಿ ಸರಪಳಿಗಳನ್ನ ಅಂಟದ ಹಾಗೆ ಹಿಡಿದುಕೊಂಡಿದೆ ಅಂತಾನೋ, ಗ್ರಾಫ್ ನೋಡಿ ಹೇಳೋಕೆ ಆಗಲ್ಲ, ಎರಡಕ್ಕೂ ಗೆರೆ ಒಂದೇ ಥರ ಕೆಳಗಿಳಿಯುತ್ತೆ. ಎಂಜೈಮ್ ಸತ್ತೋಯ್ತು ಅಂತ ಬರೆದುಬಿಟ್ಟರೆ ಪೂರ್ತಿ ಉಲ್ಟಾ ಅರ್ಥ ಆಗಬಹುದು.

ಅದಕ್ಕೇ ರಿಸರ್ಚ್‌ಗೆ ತಗೊಳ್ಳೋರು ಜೊತೆಗೆ ಡೈ-ಇಯೋಸಿನ್ ಗ್ಲುಟಾಥಯೋನ್ (ಹೊಳೆಯೋ ಬಣ್ಣ ಅಂಟಿಸಿದ, ಡೈಸಲ್ಫೈಡ್ ಕೊಂಡಿ ಇರೋ ಸಣ್ಣ ಅಣು) ಇಟ್ಟುಕೊಳ್ಳಿ, ಕೊಂಡಿ ಮುರಿದ ಕೂಡಲೇ ಫ್ಲೋರೆಸೆನ್ಸ್ ಏರುತ್ತೆ, ಅಂಟಿಕೊಳ್ಳೋ ಗೊಡವೆನೇ ಇಲ್ಲ. ಮಡಚೋದನ್ನೇ ನೋಡಬೇಕಂದ್ರೆ ಕೊಂಡಿ ಕಲಸಿಹೋದ, ಆರ್‌ಎನ್‌ಎ ಕತ್ತರಿಸೋ ಎಂಜೈಮ್ ಆದ ಆರ್‌ಎನ್‌ಏಸ್ ಬಳಸಿ, ಪಿಡಿಐ ಅದನ್ನ ಸರಿಮಾಡಿದ ಹಾಗೆ ಅದರ ಆಕ್ಟಿವಿಟಿ ವಾಪಸ್ ಬರುತ್ತೆ.

ಡೆಲಿವರಿಗೆ ಅರ್ಧ ಮಾರ್ಕ್ಸ್ ಅಷ್ಟೇ. ಪೀಣ್ಯ ಕಡೆಯಿಂದ ಗೊರಗುಂಟೆಪಾಳ್ಯದ ಟ್ರಾಫಿಕ್ ದಾಟಿ ಮಧ್ಯಾಹ್ನ ಬರೋ ಹೊತ್ತಿಗೆ ಐಸ್ ಪ್ಯಾಕ್ ಮೆತ್ತಗಾಗಿತ್ತು, ಪುಣ್ಯಕ್ಕೆ ಎಂಜೈಮ್ ಹಾಳಾಗಿರ್ಲಿಲ್ಲ. ಬೆಳಗ್ಗೆ ಮೊದಲ ಟ್ರಿಪ್ಪಲ್ಲೇ ಕಳಿಸಿ ಅಂತ ಡೀಲರ್‌ಗೆ ಫೋನಲ್ಲೇ ಹೇಳಿ. ಟೀಚಿಂಗ್‌ಗೆ 5ಕ್ಕೆ 5, ಮಾಡಿಫಿಕೇಶನ್ ಕೆಲಸಕ್ಕೆ 5ಕ್ಕೆ 2.