ಹುಸೆರ್ಲ್ ದಾರಿಯೋ, ಹೈಡೆಗರ್ ದಾರಿಯೋ?

ಗರ್ಭಪಾತವಾದ ಹೆಣ್ಣುಮಕ್ಕಳ ಅನುಭವದ ಬಗ್ಗೆ ನರ್ಸಿಂಗ್ ಸಂಶೋಧನೆ ಮಾಡುತ್ತೀರಿ ಅಂದುಕೊಳ್ಳಿ. ಜನ ಬದುಕಿದ ಅನುಭವವನ್ನು ಅರಿಯುವ ಫಿನಾಮಿನಾಲಜಿ ಎಂಬ ವಿಧಾನದಲ್ಲಿ ಹುಸೆರ್ಲ್ ಮತ್ತು ಹೈಡೆಗರ್ ಎಂಬ ತತ್ವಜ್ಞಾನಿಗಳ ಎರಡು ದಾರಿಗಳಿವೆ. ಹುಸೆರ್ಲ್ ದಾರಿಯಲ್ಲಿ ನಿಮಗೆ ಮೊದಲೇ ಗೊತ್ತಿರುವುದನ್ನು ಪಕ್ಕಕ್ಕಿಟ್ಟು, ಆ ಹೆಣ್ಣುಮಕ್ಕಳು ಹೇಳಿದ್ದನ್ನಷ್ಟೇ ವಿವರಿಸಬೇಕು. ಮನಶ್ಶಾಸ್ತ್ರಜ್ಞ ಕೊಲೈಜ್ಜಿ 1978ರಲ್ಲಿ ಕೊಟ್ಟ ವಿಶ್ಲೇಷಣೆಯ 7 ಹಂತಗಳು ಇಲ್ಲಿ ಕೈಹಿಡಿಯುತ್ತವೆ. ಮಾತುಗಳನ್ನು ಬರೆದುಕೊಂಡು ಮತ್ತೆ ಮತ್ತೆ ಓದಿ, ಮುಖ್ಯವಾದವನ್ನು ಆರಿಸಿ, ಅರ್ಥ ನೋಡಿ ಗುಂಪು ಮಾಡಬೇಕು. ಕೊನೆಗೆ ‘ನಿಮ್ಮ ಅನುಭವ ಇದೇ ಅಲ್ವಾ?’ ಎಂದು ಅವರನ್ನೇ ಕೇಳಬೇಕು. (ನೋವು ಮತ್ತೆ ಕೆದಕಿದಂತಾಗಬಹುದು, ಮೊದಲೇ ಒಪ್ಪಿಗೆ ಪಡೆದಿರಿ.) ಹೊಸಬರಿಗೆ ಇದೇ ಸಲೀಸು.

ಹೈಡೆಗರ್ ದಾರಿಯಲ್ಲಿ ಪಕ್ಕಕ್ಕಿಡುವ ಮಾತೇ ಇಲ್ಲ. ನೀವು ಅಂಥದ್ದೇ ವಾರ್ಡಿನ ನರ್ಸ್ ಆಗಿದ್ದರೆ ಆ ತಿಳಿವಳಿಕೆಯೂ ಕೆಲಸಕ್ಕೆ ಬರುತ್ತದೆ. ‘ಯಾರೂ ಏನೂ ಹೇಳಲಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಏನಿದೆ ಎಂದು ಬಿಡಿಸುತ್ತಾ ಹೋಗುತ್ತೀರಿ. ಆಳ ಜಾಸ್ತಿ, ಸಮಯವೂ ಜಾಸ್ತಿ. ನಿಮ್ಮ ಊಹೆಗಳನ್ನು ಡೈರಿಯಲ್ಲಿ ಬರೆದಿಡದಿದ್ದರೆ ಅದು ಸುಮ್ನೆ ನಿಮ್ಮ ಅಭಿಪ್ರಾಯವಾಗಿಬಿಡುತ್ತದೆ.