ಜೇನು ಕರೆಯುವ ಗಿಡಗಳು: ಮೂರು ಕಡೆ ಕೊಂಡು, ಎರಡು ವರ್ಷ ಬೆಳೆಸಿ ನೋಡಿದ ಮೇಲೆ

ಎರಡು ವರ್ಷದ ಹಿಂದೆ ನಮ್ಮ ಬನಶಂಕರಿ ಮನೆಯ ತಾರಸಿಯಲ್ಲಿ ಸಿಹಿಗುಂಬಳದ ಬಳ್ಳಿ ಹಬ್ಬಿಸಿದ್ದೆ. ಮೈತುಂಬ ಹೂವು. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಹೀಚು ಕಾಣಿಸುತ್ತಿತ್ತು. ನಾಲ್ಕು ದಿನಕ್ಕೆ ಹಳದಿಯಾಗಿ ಉದುರುತ್ತಿತ್ತು. ಗೊಬ್ಬರ ಸಾಲದು ಅಂದುಕೊಂಡು ಕೊಟ್ಟಿಗೆ ಗೊಬ್ಬರ ಹಾಕಿದೆ, ಕಡಲೆ ಹಿಂಡಿ ನೆನೆಸಿ ಹಾಕಿದೆ. ಹೂವು ಇನ್ನೂ ಜಾಸ್ತಿ ಆಯಿತು, ಕಾಯಿ ಮಾತ್ರ ಒಂದೂ ನಿಲ್ಲಲಿಲ್ಲ. ಸಾಗರದಿಂದ ಅಮ್ಮ ಫೋನ್ ಮಾಡಿದಾಗ ಹೇಳಿಕೊಂಡೆ. ಅಮ್ಮ ಕೇಳಿದ್ದು ಒಂದೇ ಮಾತು: "ಅಲ್ಲಿಗೆ ಜೇನು ಬರ್ತದೇನೇ?"

ಬರುತ್ತಿರಲಿಲ್ಲ. ಕುಂಬಳದ ಪರಾಗ ಅಂಟಂಟು, ಭಾರ. ಗಾಳಿಗೆ ಹಾರುವುದಿಲ್ಲ. ಗಂಡು ಹೂವಿನಿಂದ ಹೆಣ್ಣು ಹೂವಿಗೆ ಅದನ್ನು ಯಾರಾದರೂ ಹೊತ್ತು ತರಬೇಕು. ಅದೂ ಬೆಳಗಾಗುತ್ತಲೇ, ಹೂವು ಮುದುಡುವುದರೊಳಗೆ. ಜೇನು ಸಾಕುತ್ತಿದ್ದವರ ಮಗಳು ನಾನು. ನನಗೆ ಇದು ಹೊಳೆಯಬೇಕಿತ್ತು.

ಅಪ್ಪಯ್ಯನ ಹತ್ತಿರ ಹನ್ನೆರಡು ತುಡುವೆ ಪೆಟ್ಟಿಗೆ ಇದ್ದವು, ಅಡಿಕೆ ತೋಟದ ಅಂಚಿನಲ್ಲಿ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆಲ್ಲ ಬಡಿಯಿತು. ಮರಿಹುಳು ಗೂಡಿನ ಕೋಣೆಯೊಳಗೇ ನೀರು ತುಂಬಿದ ಚೀಲದ ಹಾಗೆ ಆಗಿ ಸಾಯುತ್ತಿತ್ತು. ಹನ್ನೆರಡೂ ಪೆಟ್ಟಿಗೆ ಖಾಲಿಯಾದವು. ಅಪ್ಪಯ್ಯ ಆ ಪೆಟ್ಟಿಗೆಗಳನ್ನು ತೊಳೆದು ಬಿಸಿಲಿಗೆ ಇಟ್ಟಿದ್ದು ಈಗಲೂ ಕಣ್ಣ ಮುಂದಿದೆ. ಹಾಗಾಗಿ ಜೇನಿಗಾಗಿ ಗಿಡ ಕೊಳ್ಳುವುದು ನನಗೆ ಬರೀ ಹವ್ಯಾಸದ ವಿಷಯವಲ್ಲ. ಎರಡು ವರ್ಷದಲ್ಲಿ ಮೂರು ಕಡೆ ಕೊಂಡೆ. ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ ಅಂತ ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ.

ಮೊದಲು ಕೊಂಡಿದ್ದು ಆನ್‌ಲೈನಿನಲ್ಲಿ, ಜೇನು ಮತ್ತು ಚಿಟ್ಟೆಗೆ ಅಂತ ಮಾರುವ ಮಿಶ್ರ ಬೀಜದ ಪ್ಯಾಕೆಟ್. 349 ರೂಪಾಯಿ. ಪ್ಯಾಕೆಟ್ ಮೇಲೆ ಚಂದದ ಚಿತ್ರ. ಒಳಗೆ ಲ್ಯಾವೆಂಡರ್, ಪಾಪಿ, ಬೋರೇಜ್, ಇನ್ನೂ ಏನೇನೋ. ಮೇ ಕೊನೆಗೆ ಬಿತ್ತಿದೆ. ಲ್ಯಾವೆಂಡರ್ ಮೂರು ಮೊಳಕೆ ಬಂತು, ಜುಲೈ ಮಳೆಗೆ ಬೇರು ಕೊಳೆತು ಹೋಯಿತು. ಪಾಪಿ ಏಳಲೇ ಇಲ್ಲ. ಆ ಗಿಡಗಳು ಕೆಟ್ಟವಲ್ಲ. ಅವು ಹುಟ್ಟಿದ ಊರಿನ ಚಳಿಗೆ, ಅಲ್ಲಿನ ಜೇನಿಗೆ ಒಳ್ಳೆಯವೇ. ಆದರೆ ಬೆಂಗಳೂರಿನ ಮಳೆಗಾಲಕ್ಕೆ ಬಿತ್ತಬಹುದಾ, ಚಳಿಗಾಲಕ್ಕೆ ಕಾಯಬೇಕಾ ಅಂತ ಪ್ಯಾಕೆಟ್ ಮೇಲೆ ಒಂದು ಸಾಲು ಬರೆದಿರಲಿಲ್ಲ. ಅದೇ ದುಡ್ಡಿಗೆ ಕಿರಾಣಿ ಅಂಗಡಿಯ ಸಾಸಿವೆ, ಕೊತ್ತಂಬರಿ ಬೀಜ ಎಷ್ಟು ಬರುತ್ತಿತ್ತು! ಅದರ ವಿಷಯ ಮುಂದೆ ಹೇಳುತ್ತೇನೆ. ಈ ಪ್ಯಾಕೆಟನ್ನು ಯಾರಿಗೂ ಕೊಳ್ಳಿ ಅನ್ನಲಾರೆ.

ಎರಡನೆಯದು ಊರಾಚೆಯ ಒಂದು ದೊಡ್ಡ ನರ್ಸರಿ. ಹೆಸರು ಬೇಡ. ಕಾರು ನಿಲ್ಲಿಸಲು ಜಾಗ, ಹಸಿರು ಬಲೆಯ ನೆರಳು, ಕಣ್ಣು ತುಂಬುವ ಹೂವು. ಪೆಟುನಿಯಾ, ಚೆಂಡಿನ ಹಾಗೆ ದುಂಡಗಿನ ಚೆಂಡುಹೂವು, ಸುತ್ತಿನ ಮೇಲೆ ಸುತ್ತು ಎಸಳಿನ ದಾಸವಾಳ, ಎರಡು ಪೆಂಟಾಸ್. ಒಟ್ಟು 1,150 ರೂಪಾಯಿ ಆಯಿತು. ತಾರಸಿ ಮದುವೆ ಮನೆಯ ಹಾಗೆ ಕಾಣುತ್ತಿತ್ತು. ಜೇನು? ಒಂದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕುರ್ಚಿ ಹಾಕಿ ಕೂತು ಹತ್ತು ನಿಮಿಷ ಎಣಿಸಿದೆ. ಪೆಟುನಿಯಾಕ್ಕೆ ಸೊನ್ನೆ. ದಾಸವಾಳಕ್ಕೆ ಸೊನ್ನೆ. ಚೆಂಡುಹೂವಿಗೆ ಒಂದು ಬಂತು, ಎರಡು ಸುತ್ತು ಹಾಕಿ ಹಾರಿ ಹೋಯಿತು.

ಕಾರಣ ಆಮೇಲೆ ತಿಳಿಯಿತು. ಈ 'ಡಬಲ್' ಹೂವುಗಳಿವೆಯಲ್ಲ, ದಾಸವಾಳ, ಗುಲಾಬಿಯಂಥವು, ಇವುಗಳಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ಕೇಸರ ಇಲ್ಲದ ಕಡೆ ಪರಾಗ ಎಲ್ಲಿಂದ ಬರಬೇಕು? ಮಕರಂದ ಇದ್ದರೂ ಅಷ್ಟು ಎಸಳಿನ ನಡುವೆ ಸಣ್ಣ ಜೇನು ದಾರಿ ಹುಡುಕಲಾರದು. ನಮ್ಮ ಕಣ್ಣಿಗೆ ಹಬ್ಬ, ಅದಕ್ಕೆ ಉಪವಾಸ. ಇನ್ನು ಬಣ್ಣದ ವಿಷಯ. ಕಾರ್ಲ್ ಫಾನ್ ಫ್ರಿಶ್ ಅನ್ನುವ ವಿಜ್ಞಾನಿ ಜೇನಿಗೆ ಬಣ್ಣ ಗೊತ್ತಾಗುತ್ತದೆ ಅಂತ ನೂರು ವರ್ಷಕ್ಕೂ ಹಿಂದೆಯೇ ತೋರಿಸಿದ್ದರು. 1973ರಲ್ಲಿ ಅವರಿಗೆ ನೊಬೆಲ್ ಬಂತು. ಜೇನಿಗೆ ನೀಲಿ, ನೇರಳೆ, ಹಳದಿ ಚೆನ್ನಾಗಿ ಕಾಣುತ್ತವೆ. ನಮಗೆ ಕಾಣದ ಅತಿನೇರಳೆಯೂ ಕಾಣುತ್ತದೆ. ಕಡುಕೆಂಪು ಮಾತ್ರ ಅದಕ್ಕೆ ಬಣ್ಣವಾಗಿ ಕಾಣುವುದಿಲ್ಲ. ಕೆಂಪು ದಾಸವಾಳಕ್ಕೆ ಬರುವುದು ಸೂರಕ್ಕಿ ಅನ್ನುವ ಪುಟ್ಟ ಹಕ್ಕಿ. ಒಂದೆಸಳಿನ ಕೆಂಪು ದಾಸವಾಳ ನಮ್ಮಲ್ಲಿ ಈಗಲೂ ಇದೆ, ಪೂಜೆಗೂ ಆಯಿತು, ಸೂರಕ್ಕಿಗೂ ಆಯಿತು.

ಆದರೆ ಆ ನರ್ಸರಿಯ ಬಗ್ಗೆ ನನಗೆ ಬೇಸರ ಡಬಲ್ ಹೂವಿನದ್ದಲ್ಲ. ಪೆಂಟಾಸ್‌ನದ್ದು. ಪೆಂಟಾಸ್ ಒಳ್ಳೆಯ ಗಿಡ, ಚಿಟ್ಟೆಗಳು ಮುತ್ತುತ್ತವೆ. ತಂದ ವಾರದಲ್ಲಿ ಕುಂಡದ ಕೆಳಗೆ ನಾಲ್ಕೈದು ಸತ್ತ ಜೇನು ಸಿಕ್ಕವು. ಮರುದಿನ ಮತ್ತೆ ಎರಡು. ನರ್ಸರಿಗೆ ಹೋಗಿ ಕೇಳಿದೆ. ಕೆಲಸದ ಹುಡುಗ ಮುಚ್ಚುಮರೆ ಇಲ್ಲದೆ ಹೇಳಿದ: "ವಾರಕ್ಕೊಂದು ಸಲ ಔಷಧಿ ಹೊಡೀತೀವಿ ಮೇಡಂ, ಒಂದು ಹುಳಾನೂ ಹತ್ರ ಬರಲ್ಲ." ಯಾವ ಔಷಧಿ ಅಂದರೆ ಇಮಿಡಾಕ್ಲೋಪ್ರಿಡ್ ಡಬ್ಬ ತೋರಿಸಿದ. ಜೇನು ಸತ್ತಿದ್ದು ಅದರಿಂದಲೇ ಅಂತ ನಾನು ಸಾಬೀತು ಮಾಡಲಾರೆ. ಆದರೆ ಈ ಔಷಧಿ ಎಲೆಯ ಮೇಲೆ ಕೂತು ಮಳೆಗೆ ತೊಳೆದು ಹೋಗುವ ಜಾತಿಯದಲ್ಲ. ಗಿಡದ ರಸಕ್ಕೇ ಸೇರಿ ಪರಾಗಕ್ಕೂ ಮಕರಂದಕ್ಕೂ ಇಳಿಯುತ್ತದೆ. ಯೂರೋಪಿಯನ್ ಒಕ್ಕೂಟ 2018ರಲ್ಲಿ ಇದನ್ನೂ ಇದರ ಜಾತಿಯ ಇನ್ನೆರಡನ್ನೂ ಬಯಲಿನ ಬೆಳೆಗೆ ಹೊಡೆಯಬಾರದು ಅಂತ ನಿಷೇಧಿಸಿತು, ಜೇನಿನ ಕಾರಣಕ್ಕೇ. ಜೇನಿಗಾಗಿ ಗಿಡ ತಂದು ಅದರಲ್ಲೇ ವಿಷ ಉಣಿಸಿದೆನಾ ಅನ್ನುವ ಸಂಕಟ ನನಗೆ ಇನ್ನೂ ಹೋಗಿಲ್ಲ. ಈಗ ಯಾವ ಹೊಸ ಗಿಡ ತಂದರೂ ಮೊದಲು ಮೊಗ್ಗು, ಹೂವು ಎಲ್ಲ ಚಿವುಟಿ ಎರಡು ತಿಂಗಳು ಬೇರೆ ಇಡುತ್ತೇನೆ. ಹೊಸ ಚಿಗುರು ಬಂದ ಮೇಲೆ ಹೂ ಬಿಡಲು ಬಿಡುತ್ತೇನೆ.

ಮೂರನೆಯದು ಲಾಲ್‌ಬಾಗ್ ಪಕ್ಕದ ಸಿದ್ದಾಪುರ. ಅಲ್ಲಿ ತಲೆತಲಾಂತರದಿಂದ ಗಿಡ ಮಾರುವ ಮನೆತನಗಳಿವೆ. ಸಣ್ಣ ಸಣ್ಣ ನರ್ಸರಿಗಳು, ಒಂದಕ್ಕೊಂದು ಅಂಟಿಕೊಂಡ ಹಾಗೆ. ನಾನು ಹೋಗುವುದು ಒಬ್ಬ ಹಿರಿಯರ ಅಂಗಡಿಗೆ. ಜೇನು ಬರುವ ಗಿಡ ಕೊಡಿ ಅಂದೆ. ಅವರು ಗಿಡ ತೋರಿಸಲೇ ಇಲ್ಲ. "ಅಲ್ಲಿ ಹಿಂದುಗಡೆ ಹೋಗಿ ಸುಮ್ನೆ ನಿಂತ್ಕೊಳ್ಳಿ. ಯಾವುದರ ಮೇಲೆ ಜೇನು ಕೂರುತ್ತೋ ಅದನ್ನ ತಗೊಳ್ಳಿ" ಅಂದರು. ನಿಂತೆ. ಇಪ್ಪತ್ತು ನಿಮಿಷ. ನನಗೆ ಎರಡು ವರ್ಷದಲ್ಲಿ ಸಿಕ್ಕ ಅತಿ ಒಳ್ಳೆಯ ಸಲಹೆ ಇದೇ. ಪುಸ್ತಕ ಬೇಡ, ಪಟ್ಟಿ ಬೇಡ. ಲಾಲ್‌ಬಾಗಿನ ಜೇನು ದಿನಾ ಬಂದು ಯಾವುದು ಬೇಕು, ಯಾವುದು ಬೇಡ ಅಂತ ಅಲ್ಲೇ ತೋರಿಸಿ ಹೋಗುತ್ತದೆ. ಆದರೆ ಜೇನು ಕೂತ ಮಾತ್ರಕ್ಕೆ ಔಷಧಿ ಹೊಡೆದಿಲ್ಲ ಅಂತಲ್ಲ, ಅದನ್ನು ಬಾಯಿಬಿಟ್ಟು ಕೇಳಲೇಬೇಕು. ಇವರು ಬೇವಿನೆಣ್ಣೆ ಮಾತ್ರ, ಅದೂ ಸಂಜೆ ಹೊತ್ತು ಅಂದರು. ಒಂದು ಗುಲಾಬಿಯ ಎಲೆಗಳ ಅಂಚಿನಲ್ಲಿ ಬಳೆಯಚ್ಚಿನಿಂದ ಕತ್ತರಿಸಿದ ಹಾಗೆ ದುಂಡಗೆ ತುಂಡು ಹೋಗಿತ್ತು. ಅದು ಎಲೆ ಕತ್ತರಿಸಿ ಗೂಡು ಮಾಡುವ ಜೇನಿನ ಕೆಲಸ. ಆ ಎಲೆ ನೋಡಿದ ಮೇಲೆ ನನಗೆ ಅವರ ಮಾತಿನ ಮೇಲೆ ಇನ್ನಷ್ಟು ನಂಬಿಕೆ ಬಂತು.

ಅಲ್ಲಿಂದ ತಂದದ್ದರಲ್ಲಿ ಎಲ್ಲಕ್ಕಿಂತ ಮೇಲು ಕಾಮಕಸ್ತೂರಿ. ಸಸಿಗೆ 20 ರೂಪಾಯಿ. ನಾಲ್ಕು ತಂದೆ. ನೋಡಲು ಏನೂ ಇಲ್ಲ, ಸಣ್ಣ ಬಿಳಿ ಹೂವು. ಆದರೆ ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಸಂಜೆ ಬಿಸಿಲು ಇಳಿಯುವ ತನಕ ಗುಂಯ್ ಅನ್ನುತ್ತಿರುತ್ತದೆ. ಹತ್ತು ನಿಮಿಷದ ಎಣಿಕೆಯಲ್ಲಿ ಇಪ್ಪತ್ತಮೂರು! ತುಡುವೆ ಬರುತ್ತದೆ, ಕೋಲುಜೇನು ಬರುತ್ತದೆ. ನಮ್ಮ ಕಡೆ ಮಿಸರಿ ಅನ್ನುತ್ತೇವಲ್ಲ, ಇಲ್ಲಿನವರು ನಸರು ಅನ್ನುವ ಕೊಂಡಿಯಿಲ್ಲದ ಪುಟ್ಟ ಜೇನು, ಅದೂ ಬರುತ್ತದೆ. ಒಂದು ತೆನೆ ಒಣಗುವ ಹೊತ್ತಿಗೆ ಇನ್ನೊಂದು ತೆನೆ. ತುದಿ ಚಿವುಟಿದರೆ ವರ್ಷವಿಡೀ ಹೂವು. ಮನೆಯ ತುಳಸಿಯನ್ನೂ ಕದಿರು ಬಿಡಲು ಬಿಟ್ಟರೆ ಇಷ್ಟೇ ಪ್ರೀತಿಯಿಂದ ಬರುತ್ತವೆ. ನೀವು ಒಂದೇ ಒಂದು ಗಿಡ ತರುವುದಾದರೆ ಇದನ್ನೇ ತನ್ನಿ.

ಆಮೇಲೆ ಒಂದು ಸುತ್ತಿನ ಎಸಳಿನ ಹಳದಿ ಕಾಸ್ಮಾಸ್. ಒಮ್ಮೆ ತಂದರೆ ಸಾಕು, ಬೀಜ ಬಿದ್ದು ತಾನೇ ಹುಟ್ಟುತ್ತದೆ. ಟೇಬಲ್ ರೋಸ್‌ನಲ್ಲಿಯೂ ಒಂಟಿ ಎಸಳಿನದ್ದೇ ಕೇಳಿ ತನ್ನಿ. ಬಿಸಿಲೇರಿದ ಮೇಲೆ ಅರಳುತ್ತದೆ, ಮಿಸರಿಗಳು ಪರಾಗದಲ್ಲಿ ಹೊರಳಾಡುತ್ತವೆ. ಆಂಟಿಗೋನಾನ್ ಬಳ್ಳಿಗೆ 80 ರೂಪಾಯಿ ಕೊಟ್ಟೆ, ಗುಲಾಬಿ ಬಣ್ಣದ ಗೊಂಚಲು, ಜೇನಿಗೆ ತುಂಬಾ ಇಷ್ಟ. ಇದನ್ನು ಕುಂಡದಲ್ಲಿ ಮಾತ್ರ ಇಡಿ. ಮೆಕ್ಸಿಕೋ ಕಡೆಯ ಬಳ್ಳಿ, ನೆಲಕ್ಕೆ ಇಳಿದರೆ ಹಿಡಿತಕ್ಕೆ ಸಿಗುವುದಿಲ್ಲ. ಊರಿಗೆ ಇದರ ಒಂದು ಕಡ್ಡಿಯನ್ನೂ ಒಯ್ಯುವುದಿಲ್ಲ. ಬಣ್ಣಬಣ್ಣದ ಲಂಟಾನ ಕೂಡ ಅಲ್ಲಿತ್ತು, ಚಿಟ್ಟೆಗಳೂ ಅದರ ಮೇಲಿದ್ದವು. ಬೇಡ ಅಂದೆ. ಬಂಡೀಪುರದ ಕಾಡಿನೊಳಗೆ ಲಂಟಾನ ಹಬ್ಬಿರುವುದನ್ನು ಒಮ್ಮೆ ನೋಡಿದವರಿಗೆ ಅದನ್ನು ದುಡ್ಡು ಕೊಟ್ಟು ತರಲು ಮನಸ್ಸು ಬರುವುದಿಲ್ಲ.

ದುಡ್ಡೇ ಕೊಡದೆ ಬಂದವೂ ಇವೆ. ಪಕ್ಕದ ಖಾಲಿ ಸೈಟಿನಿಂದ ತುಂಬೆ ಗಿಡ ಕಿತ್ತು ತಂದು ನೆಟ್ಟೆ. ಶಿವನಿಗೆ ಪ್ರೀತಿ ಅನ್ನುತ್ತಾರೆ, ಜೇನಿಗೂ ಅಷ್ಟೇ ಪ್ರೀತಿ. ಅಡುಗೆಮನೆಯ ಸಾಸಿವೆ ಒಂದು ಹಿಡಿ ಎರಚಿದೆ, ಒಂದೂವರೆ ತಿಂಗಳಿಗೆ ಹಳದಿ ಹೂವು. ಕೊತ್ತಂಬರಿ ಸೊಪ್ಪನ್ನು ಪೂರ್ತಿ ಕೀಳದೆ ನಾಲ್ಕು ಗಿಡ ಹೂವಿಗೆ ಬಿಟ್ಟೆ. ಕೊತ್ತಂಬರಿ ಹೂವು ಚಿಕ್ಕದು, ಮಕರಂದ ಮೇಲೆಯೇ ಸಿಗುತ್ತದೆ. ಹಾಗಾಗಿ ನಾಲಿಗೆ ಗಿಡ್ಡ ಇರುವ ಸಣ್ಣ ನೊಣ, ಕಣಜಗಳೂ ಬಂದವು. ಅವುಗಳ ಜೊತೆ ಬಂದ ಒಂದು ಜಾತಿಯ ನೊಣದ ಮರಿಗಳು ಅವರೆಯ ಮೇಲಿನ ಹೇನನ್ನು ತಿಂದು ಹಾಕಿದವು. ಅವರೆ ಹೂವಿಗೆ ದೊಡ್ಡ ಕರಿ ದುಂಬಿ ಬರುತ್ತದೆ, ಅದರ ಭಾರಕ್ಕೆ ಹೂವು ಬಾಗುತ್ತದೆ.

ಬದನೆ, ಟೊಮೆಟೊ ಬೆಳೆಯುವವರಿಗೆ ಒಂದು ಮಾತು. ಇವುಗಳ ಪರಾಗ ಕೇಸರದ ಕೊಳವೆಯೊಳಗೆ ಇರುತ್ತದೆ. ಬದನೆಯಲ್ಲಂತೂ ತುದಿಯ ಸಣ್ಣ ತೂತಿನಿಂದಲೇ ಉದುರಬೇಕು. ತುಡುವೆಗೆ ಅದನ್ನು ಉದುರಿಸಲು ಬರುವುದಿಲ್ಲ. ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಒಂದು ಒಂಟಿ ಜೇನು ಇದೆ. ಅದು ಹೂವನ್ನು ತಬ್ಬಿ ಹಿಡಿದು ಮೈ ನಡುಗಿಸುತ್ತದೆ. ಜುಯ್ ಅಂತ ಸದ್ದು ಕೇಳಿಸುತ್ತದೆ, ಪರಾಗ ಉದುರುತ್ತದೆ. ಇದು ಪೆಟ್ಟಿಗೆಯಲ್ಲಿ ಇರುವುದಿಲ್ಲ, ಮಣ್ಣಿನಲ್ಲೋ ಮಣ್ಣಿನ ಗೋಡೆಯಲ್ಲೋ ತೂತು ಮಾಡಿ ಮೊಟ್ಟೆ ಇಡುತ್ತದೆ. ಅದಕ್ಕೇ ಒಂದು ಹಳೇ ತೊಟ್ಟಿಯಲ್ಲಿ ಜೇಡಿಮಣ್ಣು ತುಂಬಿ ಬಿಸಿಲಿಗೆ ಇಟ್ಟಿದ್ದೇನೆ. ಇದರ ಗಂಡುಗಳು ಸಂಜೆ ಕಾಮಕಸ್ತೂರಿಯ ಒಣ ಕಡ್ಡಿಯನ್ನು ಬಾಯಲ್ಲಿ ಕಚ್ಚಿ ಹಿಡಿದು ಸಾಲಾಗಿ ಮಲಗುತ್ತವೆ. ಮೊನ್ನೆ ಎಂಟು ಇದ್ದವು. ಟಾರ್ಚ್ ಹಾಕಿ ಕೆಳಗಿನ ಮನೆಯ ಆಂಟಿಯನ್ನೂ ಕರೆದು ತೋರಿಸಿದೆ. ಅವರು ಮರುದಿನವೇ ಕಾಮಕಸ್ತೂರಿ ಸಸಿ ಕೇಳಿದರು.

ಸಿದ್ದಾಪುರದ ಅಂಗಡಿಯಲ್ಲಿ ಕೊರತೆ ಇಲ್ಲವೇ ಇಲ್ಲ ಅಂತಲ್ಲ. ಗಿಡಗಳಿಗೆ ಚೀಟಿ ಇರುವುದಿಲ್ಲ, ಹೆಸರು ಕೇಳಿ ಬರೆದುಕೊಳ್ಳಬೇಕು. ಕವರಿನ ಮಣ್ಣು ಬರೀ ಕೆಂಪು ಜೇಡಿ, ಮನೆಗೆ ತಂದ ತಕ್ಷಣ ಮರಳು, ಗೊಬ್ಬರ ಸೇರಿಸಿ ಬದಲಿಸಬೇಕು. ಹತ್ತು ಸಸಿಯಲ್ಲಿ ಎರಡು ಹೋದವು. ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ, ಬಸ್ಸಿನಲ್ಲಿ ಹೋಗಿ ಆಟೋದಲ್ಲಿ ಬನ್ನಿ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಒಳಗೆ ಹೋಗಬೇಕು. ಮಧ್ಯಾಹ್ನ ಹೋದರೆ ಜೇನು ಕಡಿಮೆ ಇರುತ್ತದೆ, ಯಾವ ಗಿಡ ಅಂತ ತಿಳಿಯುವುದಿಲ್ಲ. ಭಾನುವಾರ ಬೇಡ. ಜನ ಜಾಸ್ತಿ ಇದ್ದರೆ ಅಂಗಡಿಯ ಹಿರಿಯರು ಮಾತಿಗೆ ಸಿಗುವುದಿಲ್ಲ.

ಈ ವರ್ಷ ಸಿಹಿಗುಂಬಳದ ಬಳ್ಳಿಯ ಸುತ್ತ ಕಾಮಕಸ್ತೂರಿ ಕುಂಡಗಳನ್ನು ಇಟ್ಟೆ. ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ನೀರಿಟ್ಟೆ, ಜೇನು ಮುಳುಗದೆ ಕುಡಿಯಲಿ ಅಂತ. ಐದು ಕಾಯಿ ನಿಂತವು. ಒಂದು ನಾಲ್ಕು ಕಿಲೋ ತೂಗಿತು. ಅದರ ಕಡುಬು ಮಾಡಿ ಅಂಗಡಿಯ ಹಿರಿಯರಿಗೆ ಒಯ್ದು ಕೊಟ್ಟೆ.

ಅವತ್ತೇ ಅಂಟುವಾಳದ ಸಸಿ ಸಿಗುತ್ತದಾ ಅಂತ ಕೇಳಿದೆ. ಅಂಟುವಾಳ ಹೂ ಬಿಟ್ಟರೆ ಪೆಟ್ಟಿಗೆ ತುಂಬುತ್ತದೆ ಅಂತ ಅಪ್ಪಯ್ಯ ಹೇಳುತ್ತಿದ್ದರು. ನಮ್ಮ ತೋಟದ ಅಂಚಿನ ಮರವನ್ನು ರಸ್ತೆಗಾಗಿ ಕಡಿದು ಬಹಳ ವರ್ಷವಾಯಿತು. ಮುಂದಿನ ತಿಂಗಳು ಎರಡು ಸಸಿ ತರಿಸಿ ಕೊಡುತ್ತೇನೆ ಅಂದರು. ಮುಂಗಡ ಕೊಟ್ಟು ಬಂದಿದ್ದೇನೆ. ತಾರಸಿಗೆ ಅಲ್ಲ, ಊರಿಗೆ. ಅಮ್ಮ ಈಗಲೇ ಗುಂಡಿ ತೋಡಿಸಿ ಇಟ್ಟಿದ್ದಾರೆ.